ಬೇಸಿಗೆ ಕಾಲಿಟ್ಟಿದೆ: ದಿನವೂ ನೀರು ಹಾಕಿದರೂ ಟೊಮೇಟೊ ಗಿಡಗಳೇಕೆ ಬಾಡುತ್ತಿವೆ?

ಹಿತ್ತಲಬಾಗಿಲು
ಮೊದಲ ದಿನ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಬಿಸಿಲು ದಿನದಿಂದ ದಿನಕ್ಕೆ ಏರುತ್ತಿದ್ದು, ಹಿತ್ತಲಿನ ಕುಂಡಗಳಲ್ಲಿ ನಾನು ಬೆಳೆಸಿರುವ ಆರು ಟೊಮೇಟೊ ಗಿಡಗಳು ಮಧ್ಯಾಹ್ನದ ಹೊತ್ತಿಗೆ ತಲೆ ಬಗ್ಗಿಸಿ ನಿಲ್ಲುತ್ತಿವೆ. ಚಳಿ ಕಡಿಮೆಯಾಗುವಾಗ ಬೀಜ ಹಾಕಿ, ಸಸಿಗಳನ್ನು ದಿನಕ್ಕಿಷ್ಟಿಷ್ಟು ಬಿಸಿಲಿಗೆ ಒಗ್ಗಿಸಿ, ಅವು ಗೇಣುದ್ದವಾದ ಮೇಲೆ ದೊಡ್ಡ ಕುಂಡಗಳಿಗೆ ದಾಟಿಸಿದ್ದೆ. ಮೊನ್ನೆ ಮೊನ್ನೆಯವರೆಗೂ ಅವು ಸೊಂಪಾಗಿ ಬೆಳೆದು ಹೂವನ್ನೂ ಬಿಟ್ಟಿದ್ದವು. ಈಗ ನೋಡಿದರೆ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ಹೂಗಳು ತೊಟ್ಟಿನ ಸಮೇತ ಕಳಚಿಕೊಳ್ಳುತ್ತಿವೆ. ಮೂಲೆಯಲ್ಲಿರುವ ಗಿಡವಂತೂ ರಾತ್ರಿ ಕಳೆದು ಬೆಳಗಾದರೂ ಚೇತರಿಸಿಕೊಂಡಿಲ್ಲ.

ಕೆಲಸಕ್ಕೆ ಹೊರಡುವ ಮೊದಲು ಒಂದೊಂದು ಕುಂಡಕ್ಕೆ ಎರಡೆರಡು ಮಗ್ ನೀರನ್ನು ನಾನು ತಪ್ಪದೆ ಹಾಕುತ್ತೇನೆ. ಗಿಡಗಳು ಸೊರಗಿರುವುದನ್ನು ನೋಡಿ ಮೊನ್ನೆ ಒಂದೊಂದು ಹಿಡಿ ಎರೆಗೊಬ್ಬರವನ್ನೂ ಕೊಟ್ಟೆ. ನೀರು ಸಾಲುತ್ತಿಲ್ಲವೇ? ಸಂಜೆಯೂ ಒಮ್ಮೆ ಹಾಕಲು ಆರಂಭಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ತಾರಸಿತೋಟ
ಮೊದಲ ದಿನ, ಬೆಳಿಗ್ಗೆ 8:15

ಖಂಡಿತವಾಗಿ ಸಂಜೆಯೂ ಹಾಕಿ. ನಮ್ಮ ತಾರಸಿಯಲ್ಲಿ ಈಗಾಗಲೇ ಎರಡು ಹೊತ್ತು ನೀರುಣಿಸುತ್ತಿದ್ದೇನೆ. ನಿಮ್ಮ ಕುಂಡಗಳು ಕಪ್ಪು ಪ್ಲಾಸ್ಟಿಕ್ಕಿನವಾಗಿದ್ದರೆ ಬಿಸಿಲು ಬೀಳುವ ಬದಿಯ ಮಣ್ಣು ಮುಟ್ಟಲಾಗದಷ್ಟು ಕಾಯುತ್ತದೆ, ಆ ಬದಿಯ ಎಳೆಬೇರುಗಳು ಬೆಂದುಹೋಗುತ್ತವೆ. ಕುಂಡಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಪಡುವಣ ಬಿಸಿಲು ನೇರವಾಗಿ ಕುಂಡದ ಮೈಗೆ ಬೀಳದಂತೆ ಒಂದು ಹಲಗೆಯನ್ನೋ ಗೋಣಿಚೀಲವನ್ನೋ ಅಡ್ಡ ಇಡಿ.

ಮಣ್ಣುಬೆರಳು
ಮೊದಲ ದಿನ, ಬೆಳಿಗ್ಗೆ 9:05

ಸಂಜೆಯ ನೀರಿಗೆ ಮೊದಲು ಸ್ವಲ್ಪ ತಡೆಯಿರಿ. ಕುಂಡದ ಮೈಗೆ ನೆರಳು ಮಾಡುವ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಬಾಡಿದ ಗಿಡವನ್ನು ಕಂಡೊಡನೆ ನೀರಿನ ಮಗ್ ಎತ್ತಿಕೊಳ್ಳುವ ಅಭ್ಯಾಸದಿಂದ ನಾನೇ ಕಳೆದುಕೊಂಡ ಗಿಡಗಳು ಕಡಿಮೆಯಲ್ಲ.

ನಡುಮಧ್ಯಾಹ್ನದಲ್ಲಿ ಎಲೆ ಇಳಿಬೀಳುವುದು ರೋಗವಲ್ಲ, ಎಲ್ಲ ಸಲವೂ ಬಾಯಾರಿಕೆಯೂ ಅಲ್ಲ. ಎಲೆಯಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಗಿಡವು ನೀರನ್ನು ಆವಿಯಾಗಿ ಹೊರಬಿಡುತ್ತಿರುತ್ತದೆ; ಬಿಸಿಲು ನೆತ್ತಿಗೇರಿದಾಗ ಹೀಗೆ ಹೊರಹೋಗುವ ವೇಗಕ್ಕೆ ಬೇರು ನೀರೆತ್ತುವ ವೇಗ ಸಾಟಿಯಾಗುವುದಿಲ್ಲವಾದ್ದರಿಂದ, ಮಣ್ಣಿನಲ್ಲಿ ಬೇಕಾದಷ್ಟು ತೇವವಿದ್ದರೂ ಎಲೆ ಬಿಗಿ ಕಳೆದುಕೊಂಡು ಜೋಲುತ್ತದೆ. ಹೊತ್ತು ಇಳಿದ ಮೇಲೆ ಲೆಕ್ಕ ಸರಿಹೋಗಿ ಗಿಡ ತಾನಾಗಿ ನೆಟ್ಟಗಾಗುತ್ತದೆ. ಹಾಗಾಗಿ ಗಿಡದ ಯೋಗಕ್ಷೇಮ ವಿಚಾರಿಸಲು ಮಧ್ಯಾಹ್ನ ಸರಿಯಾದ ಹೊತ್ತಲ್ಲ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ನೋಡಬೇಕು. ಆಗಲೂ ಬಾಡಿಯೇ ಇದ್ದರೆ ನಿಜವಾದ ತೊಂದರೆ ಇದೆ. ಆ ತೊಂದರೆ ನೀರಿನ ಕೊರತೆಯೂ ಆಗಿರಬಹುದು, ನೀರಿನ ಹೆಚ್ಚಳವೂ ಆಗಿರಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ ಎಂಬುದೇ ಇಲ್ಲಿರುವ ಮೋಸ.

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರೇ ತುಂಬಿಕೊಂಡು ದಿನಗಟ್ಟಲೆ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರೆತ್ತುವುದಿಲ್ಲ, ಗಿಡವು ನೀರಿನಲ್ಲಿ ನಿಂತೇ ಬಾಯಾರಿ ಸಾಯುತ್ತದೆ. ನೀವು ಹೇಳಿದ ಹಳದಿ ಎಲೆಗಳು ನನಗೆ ಈ ಅನುಮಾನವನ್ನೇ ಹುಟ್ಟಿಸುತ್ತಿವೆ.

ಇವತ್ತು ಮೂರು ಕೆಲಸ ಮಾಡಿ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ, ಅಲ್ಲಿ ಮಣ್ಣು ಹೇಗಿದೆ ಎಂದು ತಿಳಿಸಿ. ಕುಂಡದ ಅಂಚನ್ನು ಹಿಡಿದು ತುಸು ಓರೆ ಮಾಡಿ, ಭಾರ ಎಷ್ಟಿದೆ ಎಂದು ಅಂದಾಜು ಮಾಡಿ. ಮನೆಯಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಆ ಕುಂಡಗಳಿಗೆ ನೀರು ಹಾಕುತ್ತಿದ್ದಾರೆಯೇ ಎಂದು ವಿಚಾರಿಸಿ. ಈ ಕೊನೆಯ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಿಲ್ಲ.

ಹೊಸಕುಂಡ
ಮೊದಲ ದಿನ, ಬೆಳಿಗ್ಗೆ 11:30

ಈ ಉತ್ತರವನ್ನು ಓದಿ ನನಗೂ ಜೀವ ಬಂದಂತಾಯಿತು. ನಮ್ಮ ಸೌತೆ ಬಳ್ಳಿಯ ಅಗಲವಾದ ಎಲೆಗಳು ಪ್ರತಿ ಮಧ್ಯಾಹ್ನ ಒದ್ದೆ ಬಟ್ಟೆಯಂತೆ ಜೋತುಬಿದ್ದು ಸಂಜೆ ಮತ್ತೆ ಕೊಡೆಯಂತೆ ಅರಳುವುದನ್ನು ಕಂಡು ಗಾಬರಿಯಾಗಿದ್ದೆ. ಇದೇ ಸಂದರ್ಭದಲ್ಲಿ ಇನ್ನೊಂದು ಸಂದೇಹವನ್ನು ಕೇಳಿಬಿಡುತ್ತೇನೆ. ಬಿಸಿಲಿನಲ್ಲಿ ಎಲೆಯ ಮೇಲೆ ನೀರು ಬಿದ್ದರೆ ಹನಿಗಳು ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಎಲೆಯನ್ನು ಸುಡುತ್ತವೆ ಎಂದು ನನಗೆ ಹಲವರು ಹೇಳಿದ್ದಾರೆ. ಮಧ್ಯಾಹ್ನ ನಿಜವಾಗಿಯೂ ಮಣ್ಣು ಒಣಗಿದ್ದರೂ ಸಂಜೆಯವರೆಗೆ ಕಾಯಲೇಬೇಕೇ?

ಎಲೆಮರೆ
ಮೊದಲ ದಿನ, ಮಧ್ಯಾಹ್ನ 12:50

ಕಾಯಬೇಕಾಗಿಲ್ಲ. ಈ ನಂಬಿಕೆಯನ್ನು ಹಂಗೇರಿಯ ಸಂಶೋಧಕರು ಪರೀಕ್ಷೆಗೆ ಒಡ್ಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ನುಣುಪಾದ ಎಲೆಗಳ ಮೇಲೆ ಗಾಜಿನ ಗೋಲಿಗಳನ್ನು ಇಟ್ಟಾಗ ಎಲೆ ಸುಟ್ಟಿತು, ನೀರಿನ ಹನಿಗಳನ್ನು ಇಟ್ಟಾಗ ಸುಡಲಿಲ್ಲ. ನೀರಿನ ಹನಿ ಎಲೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂರುವುದರಿಂದ ಬಿಸಿಲು ಕೂಡುವ ಬಿಂದು ಎಲೆಯ ಮೇಲೆ ಬೀಳುವುದಿಲ್ಲ, ಜೊತೆಗೆ ಹನಿಯ ತಂಪು ಎಲೆಯನ್ನು ಕಾಯುತ್ತದೆ. ಮೈಮೇಲೆ ನೀರನ್ನು ನಿಲ್ಲಗೊಡದ ರೋಮಗಳಿರುವ ಒಂದು ತೇಲುವ ಜರೀಗಿಡದಲ್ಲಿ ಮಾತ್ರ, ಹನಿಯು ರೋಮಗಳ ತುದಿಯಲ್ಲಿ ಗುಂಡಗೆ ನಿಂತು ಎಲೆಯನ್ನು ಸುಟ್ಟದ್ದು ಕಂಡುಬಂದಿತು.

ಹಾಗೆಂದು ಮಧ್ಯಾಹ್ನವೇ ನೀರು ಹಾಕಿ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಆಗ ಹಾಕಿದ ನೀರಿನಲ್ಲಿ ಒಂದಷ್ಟು ಪಾಲು ಬೇರಿಗೆ ಇಳಿಯುವ ಮೊದಲೇ ಆವಿಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಬಿಸಿಲಿನಲ್ಲಿ ಬಿದ್ದಿರುವ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಮೊದಲು ಬಕೆಟ್ಟಿಗೆ ಬಿಟ್ಟು, ತಣ್ಣನೆಯ ನೀರು ಬಂದ ಮೇಲೆ ಗಿಡಕ್ಕೆ ತಿರುಗಿಸಿ. ಎಲೆ ಸುಟ್ಟಿತೆಂದು ಹನಿಗಳನ್ನು ದೂರುವವರಲ್ಲಿ ಕೆಲವರು ದೂರಬೇಕಾದದ್ದು ಈ ಪೈಪನ್ನು.

ಹಿತ್ತಲಬಾಗಿಲು
ಮೊದಲ ದಿನ, ರಾತ್ರಿ 9:20

ಮಣ್ಣುಬೆರಳು ಅಕ್ಕ, ನಿಮ್ಮ ಮೂರನೆಯ ಪ್ರಶ್ನೆಯ ಉತ್ತರದಿಂದಲೇ ಆರಂಭಿಸುತ್ತೇನೆ.

ಸಂಜೆ ಮನೆಗೆ ಬಂದವಳೇ ಬೆರಳನ್ನು ಮಣ್ಣಿಗೆ ಇಳಿಸಿದೆ. ಮೇಲಿನ ಅರ್ಧ ಅಂಗುಲ ಒಣಗಿ ಬಿರುಕು ಬಿಟ್ಟಿತ್ತು. ಅದರ ಕೆಳಗೆ ಕೆಸರು. ಹೊರತೆಗೆದ ಬೆರಳಿಗೆ ಕಪ್ಪು ಮಣ್ಣು ಗೋಂದಿನಂತೆ ಅಂಟಿಕೊಂಡಿತ್ತು, ಮೂಸಿದರೆ ಚರಂಡಿಯ ವಾಸನೆ ಬಂದಿತು. ಕುಂಡವನ್ನು ಓರೆ ಮಾಡಲು ಹೋದರೆ ಒಂದು ಕೈಯಲ್ಲಿ ಅಲುಗಿಸುವುದಕ್ಕೂ ಆಗಲಿಲ್ಲ. ಒಳಗೆ ಬಂದು ಅತ್ತೆಯವರನ್ನು ಕೇಳಿದೆ. ಅವರು ಸಹಜವಾಗಿ, "ನೀನು ಬೆಳಿಗ್ಗೆ ಅವಸರದಲ್ಲಿ ಹೋಗುತ್ತೀಯ, ಹನ್ನೊಂದು ಗಂಟೆಗೆ ನೋಡಿದರೆ ಮಣ್ಣು ಒಣಗಿರುತ್ತದೆ, ನಾನೇ ಒಂದು ಬಕೆಟ್ ಹಂಚಿಬಿಡುತ್ತೇನೆ" ಎಂದರು. ಪಕ್ಕದಲ್ಲಿ ಓದುತ್ತಾ ಕುಳಿತಿದ್ದ ಮಗಳು ತಲೆ ಎತ್ತಿ, ಶಾಲೆಯಿಂದ ಬಂದೊಡನೆ ತನ್ನ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಮೂಲೆಯ ಗಿಡಕ್ಕೆ ಹಾಕುವುದಾಗಿಯೂ, ಅದು ಹೆಚ್ಚು ಬಾಡಿದ್ದರಿಂದ ಮತ್ತೊಂದು ಬಾಟಲಿ ತುಂಬಿಸಿ ತಂದು ಹಾಕುವುದಾಗಿಯೂ ಹೇಳಿದಳು. ರಾತ್ರಿ ಕೈ ತೊಳೆಯಲು ಹಿತ್ತಲಿಗೆ ಹೋಗುವ ನಮ್ಮ ಯಜಮಾನರನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಗಳವೇ ಇಲ್ಲದೆ, ಎಲ್ಲರ ಪ್ರೀತಿಯಿಂದಲೇ ಕೂಸು ಬಡವಾಗಿದೆ. ಈಗ ಏನು ಮಾಡಲಿ?

ಬೇರುಬಿಳಲು
ಮೊದಲ ದಿನ, ರಾತ್ರಿ 10:05

ಹೆಚ್ಚು ಬಾಡಿರುವ ಆ ಒಂದು ಗಿಡವನ್ನು ನಾಳೆ ಬೆಳಿಗ್ಗೆ, ಬಿಸಿಲೇರುವ ಮೊದಲು, ಕುಂಡದಿಂದ ಹೊರತೆಗೆದು ನೋಡಿ. ಊಹೆ ಮಾಡುತ್ತಾ ಕೂರುವುದಕ್ಕಿಂತ ಬೇರನ್ನೇ ಕೇಳುವುದು ಒಳ್ಳೆಯದು. ಕಾಂಡದ ಬುಡವನ್ನು ಎರಡು ಬೆರಳುಗಳ ನಡುವೆ ಹಿಡಿದು, ಅಂಗೈಯಿಂದ ಮಣ್ಣನ್ನು ಆನಿಸಿಕೊಂಡು, ಕುಂಡವನ್ನು ತಲೆಕೆಳಗು ಮಾಡಿ ಅಂಚನ್ನು ಮೆಲ್ಲಗೆ ತಟ್ಟಿದರೆ ಮುದ್ದೆ ಇಡಿಯಾಗಿ ಜಾರಿ ಬರುತ್ತದೆ. ಗಿಡವನ್ನು ಹಿಡಿದು ಎಳೆಯಬೇಡಿ. ಆರೋಗ್ಯವಂತ ಬೇರು ಬೆಳ್ಳಗೆ ಅಥವಾ ನಸುಗೆನೆಬಣ್ಣಕ್ಕೆ ಇದ್ದು, ಹಿಡಿದರೆ ಗಟ್ಟಿಯಾಗಿರುತ್ತದೆ.

ಹಿತ್ತಲಬಾಗಿಲು
ಎರಡನೆಯ ದಿನ, ಬೆಳಿಗ್ಗೆ 6:50

ಹೊರತೆಗೆದೆ. ಮೇಲುಭಾಗದ ಬೇರುಗಳು ಬೆಳ್ಳಗಿವೆ, ಆದರೆ ತಳದ ಕಾಲುಭಾಗದಲ್ಲಿ ಬೇರೆಂದು ಕರೆಯಬಹುದಾದದ್ದು ಏನೂ ಉಳಿದಿಲ್ಲ. ಕಂದುಬಣ್ಣದ ಒಂದು ಬೇರನ್ನು ಉಗುರಿನಲ್ಲಿ ಹಿಡಿದು ಎಳೆದಾಗ, ಮೇಲಿನ ಸಿಪ್ಪೆ ನೆನೆದ ಕಾಗದದಂತೆ ಜಾರಿ ನನ್ನ ಬೆರಳಿನಲ್ಲಿ ಉಳಿಯಿತು, ಒಳಗಿನ ನೂಲಿನಂಥ ಎಳೆ ಮಾತ್ರ ಮಣ್ಣಿನಲ್ಲಿ ನಿಂತಿತು. ನೀರು ಬಸಿದುಹೋಗಲೆಂದು ಕುಂಡದ ತಳದಲ್ಲಿ ನಾಲ್ಕು ಬೆರಳು ದಪ್ಪ ಕಲ್ಲಿನ ಚೂರುಗಳನ್ನು ಹಾಕಿದ್ದೆ. ಕೊಳೆತ ಭಾಗವೆಲ್ಲ ಸರಿಯಾಗಿ ಆ ಕಲ್ಲಿನ ಪದರದ ಮೇಲೆಯೇ ಇದೆ. ಇದು ನನಗೆ ಅರ್ಥವಾಗಲಿಲ್ಲ. ಅಲ್ಲಿ ತಾನೇ ಮಣ್ಣು ಎಲ್ಲಕ್ಕಿಂತ ಹೆಚ್ಚು ಬಸಿದಿರಬೇಕಾಗಿದ್ದದ್ದು?

ಮಣ್ಣುಬೆರಳು
ಎರಡನೆಯ ದಿನ, ಬೆಳಿಗ್ಗೆ 7:30

ಕಲ್ಲಿನ ಪದರದ ಬಗೆಗಿನ ಈ ನಂಬಿಕೆ ಎಲ್ಲ ಕಡೆಯೂ ಇದೆ. ವರ್ಷಗಟ್ಟಲೆ ನಾನೂ ಮಡಕೆಯ ಚೂರುಗಳನ್ನು ಹುಡುಕಿ ಹುಡುಕಿ ಕುಂಡದ ತಳಕ್ಕೆ ಹಾಕಿದವಳೇ. ಸಣ್ಣ ಕಣಗಳ ಮಣ್ಣು ತನ್ನ ಕಿರಿದಾದ ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತಾನು ಪೂರ್ತಿ ತೊಯ್ದು ತುಂಬುವವರೆಗೆ ಆ ನೀರನ್ನು ಕೆಳಗಿನ ದೊಡ್ಡ ಸಂದುಗಳ ಕಲ್ಲಿನ ಪದರಕ್ಕೆ ಬಿಟ್ಟುಕೊಡುವುದಿಲ್ಲ. ಹೀಗಾಗಿ ಯಾವ ಕುಂಡದಲ್ಲಾದರೂ ಮಣ್ಣಿನ ತಳದಲ್ಲಿ ಇದ್ದೇ ಇರುವ ಕೆಸರಿನ ಪಟ್ಟಿಯು ಕಲ್ಲು ಹಾಕಿದಾಗ ನಾಲ್ಕು ಬೆರಳು ಮೇಲಕ್ಕೆ ಏರಿ, ಬೇರುಗಳು ತಂಗುವ ಜಾಗಕ್ಕೇ ಬಂದು ಕೂರುತ್ತದೆ.

ಅಡುಗೆಮನೆಯಲ್ಲೇ ಇದನ್ನು ನೋಡಬಹುದು. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದು, ಹನಿ ಬೀಳುವುದು ನಿಲ್ಲುವವರೆಗೆ ಕಾಯಿರಿ. ಬಳಿಕ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯತೊಡಗುತ್ತದೆ. ಎತ್ತರ ಹೆಚ್ಚಿದಂತೆ ಬಸಿಯುವುದು ಹೆಚ್ಚುತ್ತದೆ. ಕಲ್ಲು ಹಾಕಿದಾಗ ನಾವು ಮಣ್ಣಿನ ಎತ್ತರವನ್ನೇ ಕಡಿಮೆ ಮಾಡಿರುತ್ತೇವೆ. ರಂಧ್ರದಿಂದ ಮಣ್ಣು ಸೋರದಿರಲಿ ಎಂದಿದ್ದರೆ ಒಂದು ತುಂಡು ಬಲೆ ಸಾಕು.

ಈಗ ಚಿಕಿತ್ಸೆ. ಮೆತ್ತಗಾದ ಬೇರುಗಳನ್ನು ಶುಭ್ರವಾದ ಕತ್ತರಿಯಿಂದ ಕತ್ತರಿಸಿ, ಕಲ್ಲುಗಳಿಲ್ಲದೆ, ಹಗುರವಾದ ಹೊಸ ಮಣ್ಣಿನಲ್ಲಿ ನೆಡಿ. ಬೇರು ಕಡಿಮೆಯಾಗಿರುವುದರಿಂದ ಅದು ಸಾಕಬೇಕಾದ ಎಲೆಗಳ ಹೊರೆಯನ್ನೂ ಇಳಿಸಬೇಕು. ಹೂಗಳನ್ನು ಚಿವುಟಿ, ಹಳದಿ ಎಲೆಗಳನ್ನು ತೆಗೆಯಿರಿ. ಟೊಮೇಟೊ ಕಾಂಡವು ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುವ ಗುಣವುಳ್ಳದ್ದಾದ್ದರಿಂದ ಮೊದಲಿಗಿಂತ ಎರಡು ಅಂಗುಲ ಆಳಕ್ಕೆ ನೆಡಬಹುದು. ಒಮ್ಮೆ ನೀರುಣಿಸಿ, ನೆರಳಿನಲ್ಲಿ ಒಂದು ವಾರ ಇಡಿ. ಗೊಬ್ಬರ ಬೇಡವೇ ಬೇಡ. ಬದುಕುತ್ತದೆ ಎಂದು ಮಾತು ಕೊಡಲಾರೆ.

ಉಳಿದ ಐದು ಗಿಡಗಳನ್ನು ಕೀಳಬೇಡಿ. ಬೆರಳು ಇಳಿಯುವಷ್ಟು ಆಳ ಒಣಗುವವರೆಗೆ ಅವುಗಳಿಗೆ ಒಂದು ತೊಟ್ಟು ನೀರನ್ನೂ ಹಾಕದೆ ಕಾಯಿರಿ. ಅದಕ್ಕೆ ಮೂರು ದಿನ ಹಿಡಿದರೂ ಸರಿ, ಐದು ದಿನ ಹಿಡಿದರೂ ಸರಿ. ಆ ದಿನಗಳಲ್ಲಿ ಮಧ್ಯಾಹ್ನ ಹಿತ್ತಲಿನ ಕಡೆಗೆ ನೋಡದಿರುವುದೇ ಕ್ಷೇಮ.

ತಾರಸಿತೋಟ
ಎರಡನೆಯ ದಿನ, ಬೆಳಿಗ್ಗೆ 10:40

ನಿನ್ನೆ ಅವಸರದಲ್ಲಿ ಉತ್ತರಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಈ ಚರ್ಚೆಯನ್ನು ಓದಿದವರೆಲ್ಲ ಇಂದಿನಿಂದ ನೀರು ಹಾಕುವುದನ್ನೇ ನಿಲ್ಲಿಸಿಬಿಟ್ಟಾರೆಂಬ ಭಯದಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಗಿದೆ. ತೆರೆದ ತಾರಸಿಯಲ್ಲಿ ಗಾಳಿ ಹೆಚ್ಚು, ಕಾಂಕ್ರೀಟಿನ ಕಾವು ಕೆಳಗಿನಿಂದಲೂ ಏರುತ್ತದೆ. ನನ್ನ ಕುಂಡಗಳು ಸುಟ್ಟ ಮಣ್ಣಿನವು, ಅವುಗಳ ಗೋಡೆಯೂ ನೀರನ್ನು ಹೀರಿ ಆವಿಯಾಗಿಸುತ್ತದೆ. ಅಲ್ಲಿ ಎರಡು ಹೊತ್ತು ಬೇಕಾಗುತ್ತದೆ, ಬೆರಳಿಟ್ಟು ನೋಡಿಯೇ ಹೇಳುತ್ತಿದ್ದೇನೆ.

ಹೋದ ಬೇಸಿಗೆಯ ಆರಂಭದಲ್ಲಿ ನನಗಾದ ಅನುಭವ ನಿಮ್ಮದಕ್ಕೆ ತದ್ವಿರುದ್ಧವಾದದ್ದು. ತೆಂಗಿನ ನಾರಿನ ಪುಡಿ ಹೆಚ್ಚಾಗಿದ್ದ ಕುಂಡವೊಂದಕ್ಕೆ ದಿನವೂ ನೀರು ಹಾಕುತ್ತಿದ್ದೆ, ಕೆಳಗಿನ ತಟ್ಟೆಗೆ ನೀರು ಇಳಿದು ಬರುತ್ತಿದ್ದುದರಿಂದ ತೃಪ್ತಿಯಾಗಿದ್ದೆ. ಮೆಣಸಿನ ಗಿಡ ಒಣಗಿಯೇ ಹೋಯಿತು. ಕಿತ್ತು ನೋಡಿದರೆ ಒಳಗಿನ ಮುದ್ದೆ ಬೆರಣಿಯಂತೆ ಒಣಗಿತ್ತು. ಒಮ್ಮೆ ಪೂರ್ತಿ ಒಣಗಿದ ಆ ಮಿಶ್ರಣ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದ್ದರಿಂದ, ಹಾಕಿದ ನೀರೆಲ್ಲ ಅಂಚಿನ ಸಂದಿನಲ್ಲಿ ಜಾರಿ ತಟ್ಟೆ ಸೇರುತ್ತಿತ್ತು. ಅಂಥ ಕುಂಡವನ್ನು ಮೇಲಿನಿಂದ ಎಷ್ಟು ತೋಯಿಸಿದರೂ ಪ್ರಯೋಜನವಿಲ್ಲ. ಇಡೀ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಕೂರಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ ಬಸಿಯಲು ಬಿಡಬೇಕು.

ಸೌತೆಚಪ್ಪರ
ಎರಡನೆಯ ದಿನ, ಮಧ್ಯಾಹ್ನ 3:15

ಹೂ ಉದುರುವ ವಿಷಯವನ್ನು ಯಾರೂ ಎತ್ತಲಿಲ್ಲ. ಬೇರು ಸರಿಹೋದ ಮೇಲೂ ಟೊಮೇಟೊ ಹೂ ಉದುರಿದರೆ ಹೆದರಬೇಡಿ. ಹಗಲಿನ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಅಥವಾ ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ, ಪರಾಗ ಸತ್ವ ಕಳೆದುಕೊಳ್ಳುವುದರಿಂದ ಹೂ ಕಾಯಿಗಟ್ಟುವುದಿಲ್ಲ. ಅದಕ್ಕೆ ನೀರೂ ಮದ್ದಲ್ಲ, ಗೊಬ್ಬರವೂ ಮದ್ದಲ್ಲ. ಸಣ್ಣ ಹಣ್ಣಿನ ತಳಿಗಳು ಸೆಕೆಯನ್ನು ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತವೆ.

ಈಗಾಗಲೇ ಕಟ್ಟಿರುವ ಕಾಯಿಗಳ ಕೆಳತುದಿಯಲ್ಲಿ ಕಪ್ಪಗೆ, ಚರ್ಮದಂತೆ ಒಣಗಿದ ಕಲೆ ಕಾಣಿಸಿಕೊಂಡರೆ ಅದೂ ನೀರಿನ ಏರುಪೇರಿನದೇ ಕೆಲಸ. ಕಾಯಿಯ ತುದಿಗೆ ಸುಣ್ಣದಂಶ ತಲುಪುವುದು ನೀರಿನ ಹರಿವಿನ ಜೊತೆಯಲ್ಲಿ. ಒಂದು ದಿನ ಕೆಸರು, ಮತ್ತೆ ಮೂರು ದಿನ ಬರಗಾಲ ಎಂಬಂತಾದರೆ ಆ ಹರಿವು ಕಡಿದುಹೋಗುತ್ತದೆ. ಮೊಟ್ಟೆಯ ಸಿಪ್ಪೆ ಹಾಕಿ ಎಂಬ ಸಲಹೆ ಬಂದೇ ಬರುತ್ತದೆ. ಅದು ಮಣ್ಣಿನಲ್ಲಿ ಕರಗುವುದಕ್ಕೆ ತಿಂಗಳುಗಳೇ ಬೇಕಾದ್ದರಿಂದ ಈ ಬೇಸಿಗೆಯ ಕಾಯಿಗೆ ಅದರಿಂದ ಉಪಕಾರವಾಗುವುದಿಲ್ಲ. ಅದಕ್ಕಿಂತ ಬುಡದ ಸುತ್ತ ಎರಡು ಅಂಗುಲ ದಪ್ಪಕ್ಕೆ ಒಣ ಎಲೆಗಳ ಹೊದಿಕೆ ಹಾಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಆದರೆ ಹಿತ್ತಲಬಾಗಿಲು ಅವರು ತಮ್ಮ ಮಣ್ಣು ಆರುವವರೆಗೆ ಈ ಕೆಲಸಕ್ಕೆ ಕೈ ಹಾಕಬಾರದು, ಕೆಸರಿಗೆ ಕಂಬಳಿ ಹೊದಿಸಿದಂತಾದೀತು.

ಹೊಸಕುಂಡ
ಎರಡನೆಯ ದಿನ, ಸಂಜೆ 6:00

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಗಿಡವೇ ಮತ್ತೆ ಹೀರಿಕೊಳ್ಳಲಿ ಎಂದು ಬಿಡುತ್ತಿದ್ದೆ. ಅದು ಸರಿಯೇ? ಸೊಳ್ಳೆ ಹೆಚ್ಚಾಗಿದೆ ಎಂದು ಮನೆಯಲ್ಲಿ ನನ್ನ ತೋಟದ ಮೇಲೆ ಈಗಾಗಲೇ ದೂರು ದಾಖಲಾಗಿದೆ.

ಎಲೆಮರೆ
ಎರಡನೆಯ ದಿನ, ಸಂಜೆ 6:25

ದೂರು ನ್ಯಾಯವಾದದ್ದೇ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುವುದಕ್ಕೆ ಏಳರಿಂದ ಹತ್ತು ದಿನಗಳು ಸಾಕು, ಅದಕ್ಕೆ ಒಂದು ತಟ್ಟೆಯಷ್ಟು ನೀರೇ ಕೆರೆ. ನೀರು ಹಾಕಿದ ಅರ್ಧ ಗಂಟೆಯ ನಂತರ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ, ವಾರಕ್ಕೊಮ್ಮೆ ತಟ್ಟೆಯ ಒಳಮೈಯನ್ನು ಉಜ್ಜಿ ತೊಳೆಯಿರಿ, ಏಕೆಂದರೆ ಕೆಲವು ಸೊಳ್ಳೆಗಳ ಮೊಟ್ಟೆಗಳು ಒಣಗಿದ ಅಂಚಿಗೂ ಅಂಟಿಕೊಂಡು ಕಾದಿರುತ್ತವೆ.

ಹಿತ್ತಲಬಾಗಿಲು
ಎರಡನೆಯ ದಿನ, ರಾತ್ರಿ 9:45

ಎಲ್ಲರಿಗೂ ಕೃತಜ್ಞತೆಗಳು. ಗಿಡದ ಚಿಕಿತ್ಸೆ ಅರ್ಥವಾಯಿತು, ಮನೆಯ ಚಿಕಿತ್ಸೆ ಹೇಗೆಂದು ತಿಳಿಯುತ್ತಿಲ್ಲ. ನಾಳೆಯಿಂದ ನೀರು ಹಾಕಬೇಡಿ ಎಂದು ಅತ್ತೆಯವರಿಗೆ ಹೇಳುವುದು ನನ್ನಿಂದಾಗದ ಮಾತು. ಹನ್ನೊಂದು ಗಂಟೆಯ ಆ ಬಕೆಟ್ ಅವರ ದಿನದ ಒಂದು ಭಾಗ. ಮೊಣಕಾಲು ನೋವಿದ್ದರೂ ಅದಕ್ಕಾಗಿ ಎದ್ದು ಹಿತ್ತಲಿಗೆ ಹೋಗುತ್ತಾರೆ, ಗಿಡಗಳ ಜೊತೆ ಎರಡು ಮಾತನಾಡಿ ಬರುತ್ತಾರೆ. ನಾನು ಬೆಳಗಿನ ನೀರನ್ನು ನಿಲ್ಲಿಸಿದರೂ ಗಿಡಗಳು ಬಾಡಿರುವುದನ್ನು ನೋಡಿ ಅವರು ಎರಡು ಬಕೆಟ್ ಹಾಕಿಯಾರು. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ತಾರಸಿತೋಟ
ಎರಡನೆಯ ದಿನ, ರಾತ್ರಿ 10:10

ನಾವು ನಲ್ಲಿಯ ಪಕ್ಕದಲ್ಲಿ ಒಂದು ಸ್ಲೇಟು ನೇತುಹಾಕಿದ್ದೇವೆ. ನೀರು ಹಾಕಿದವರು ಅದರ ಮೇಲೆ ಹೊತ್ತನ್ನು ಬರೆಯಬೇಕು. ಮೊದಲ ವಾರ ಎಲ್ಲರೂ ಬರೆದರು, ಎರಡನೆಯ ವಾರ ನಾನೊಬ್ಬನೇ ಬರೆದೆ, ಮೂರನೆಯ ವಾರದಿಂದ ಅದರ ಮೇಲೆ ಮಗನ ಕ್ರಿಕೆಟ್ ಲೆಕ್ಕವಿದೆ.

ಬೇರುಬಿಳಲು
ಎರಡನೆಯ ದಿನ, ರಾತ್ರಿ 10:30

ಬರೆಯುವ ಪದ್ಧತಿಗಿಂತ ಗುರುತಿನ ಪದ್ಧತಿ ಮೇಲು. ನಮ್ಮಲ್ಲಿ ಪ್ರತಿ ಕುಂಡದಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ಇದೆ, ಒಂದು ಬದಿಗೆ ಕೆಂಪು ಬಣ್ಣ ಬಳಿದಿದ್ದೇವೆ. ನೀರು ಹಾಕಿದವರು ಕೆಂಪು ಬದಿಯನ್ನು ಮುಂದಕ್ಕೆ ತಿರುಗಿಸುತ್ತಾರೆ, ಮರುದಿನ ಬೆಳಿಗ್ಗೆ ಮಣ್ಣು ಮುಟ್ಟಿ ನೋಡಿದವರು ಮಾತ್ರ ಅದನ್ನು ಹಿಂದಕ್ಕೆ ತಿರುಗಿಸಬಹುದು. ಓದಲು ಬಾರದ ನಾಲ್ಕು ವರ್ಷದ ಮೊಮ್ಮಗನೂ ಇದನ್ನು ಪಾಲಿಸುತ್ತಾನೆ.

ಮಣ್ಣುಬೆರಳು
ಮೂರನೆಯ ದಿನ, ಬೆಳಿಗ್ಗೆ 6:30

ಅತ್ತೆಯವರ ವಿಷಯದಲ್ಲಿ ನನ್ನದೊಂದು ಸಲಹೆ, ನಾನೂ ಈಗ ಅತ್ತೆಯ ಸ್ಥಾನದಲ್ಲಿರುವವಳಾದ್ದರಿಂದ ಹೇಳುತ್ತಿದ್ದೇನೆ. ಅವರ ಕೈಯಿಂದ ಬಕೆಟ್ಟನ್ನು ಕಸಿಯಬೇಡಿ. ತೀರ್ಮಾನವನ್ನೇ ಅವರಿಗೆ ವಹಿಸಿ. ಕೊಳೆತ ಬೇರನ್ನು ಮಣ್ಣಿನ ಸಮೇತ ತೋರಿಸಿ, "ಹೀಗಾಗಿದೆ, ಯಾವ ಕುಂಡಕ್ಕೆ ನೀರು ಬೇಕು ಯಾವುದಕ್ಕೆ ಬೇಡ ಎಂದು ಬೆಳಿಗ್ಗೆ ನೀವೇ ಮುಟ್ಟಿ ನೋಡಿ ಹೇಳಿ, ನೀವು ಹೇಳಿದಷ್ಟಕ್ಕೆ ಮಾತ್ರ ನಾವು ಹಾಕುತ್ತೇವೆ" ಎಂದು ಕೇಳಿ. ವರ್ಷಗಟ್ಟಲೆ ಹಿಟ್ಟಿನ ಹದ, ಎಣ್ಣೆಯ ಹದ ನೋಡಿದ ಬೆರಳುಗಳಿಗೆ ಮಣ್ಣಿನ ಹದ ತಿಳಿಯುವುದಕ್ಕೆ ಎರಡು ದಿನವೂ ಬೇಡ. ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಅದು ನೀರು ಬೇಡದ ಹದ. ಉಂಡೆಯೇ ಆಗದಿದ್ದರೆ ನೀರು ಬೇಕು, ಹಿಂಡಿದಾಗ ಬೆರಳ ಸಂದಿನಲ್ಲಿ ನೀರು ಜಿನುಗಿದರೆ ಆ ಕುಂಡದ ಹತ್ತಿರವೇ ಸುಳಿಯಬಾರದು.

ಹನ್ನೊಂದು ಗಂಟೆಯ ಬಕೆಟ್ಟಿಗೂ ಕೆಲಸ ಕೊಡಬಹುದು. ನೀರನ್ನು ಎಷ್ಟು ಕೊಟ್ಟರೂ ಬೇಡವೆನ್ನದ ಕೆಸುವಿನ ಗಿಡವನ್ನೋ ಪುದೀನವನ್ನೋ ಅವರ ಹೆಸರಿಗೆ ನೆಟ್ಟುಕೊಡಿ.

ಹಿತ್ತಲಬಾಗಿಲು
ಹದಿನಾರನೆಯ ದಿನ, ಬೆಳಿಗ್ಗೆ 7:10

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಏನಾಗುತ್ತದೆ ಎಂದು ನೋಡಿಯೇ ಬರೆಯೋಣವೆಂದು ಸುಮ್ಮನಿದ್ದೆ.

ಮೂಲೆಯ ಗಿಡ ಉಳಿಯಲಿಲ್ಲ. ಹೊಸ ಮಣ್ಣಿನಲ್ಲಿ ನಾಲ್ಕು ದಿನ ಹಸಿರಾಗಿದ್ದು, ಐದನೆಯ ದಿನ ಕಾಂಡದ ಬುಡ ಕಪ್ಪಾಗಿ ಬಾಗಿತು. ಅದನ್ನು ಗೊಬ್ಬರದ ಗುಂಡಿಗೆ ಹಾಕದೆ ಬೇರೆಯಾಗಿ ವಿಲೇವಾರಿ ಮಾಡಿದೆ. ಉಳಿದ ಐದರಲ್ಲಿ ಎರಡರ ಮಣ್ಣು ಆರಲು ಮೂರು ದಿನ ಹಿಡಿಯಿತು, ಇನ್ನೆರಡಕ್ಕೆ ಐದು ದಿನ. ಗೋಡೆಯ ನೆರಳಿನಲ್ಲಿರುವ ಕೊನೆಯ ಕುಂಡ ಆರಲು ಪೂರ್ತಿ ಒಂದು ವಾರ ಬೇಕಾಯಿತು. ಎಲ್ಲಕ್ಕೂ ಒಂದೇ ಅಳತೆಯಲ್ಲಿ ಎರಡೆರಡು ಮಗ್ ಹಾಕುತ್ತಿದ್ದ ನನ್ನ ಶಿಸ್ತನ್ನು ನೆನೆದು ನನಗೇ ನಗು ಬಂದಿತು. ಈಗ ನಾಲ್ಕು ಗಿಡಗಳ ತುದಿಯಲ್ಲಿ ಹೊಸ ಚಿಗುರು ಕಾಣಿಸಿದೆ. ಉದುರಿದ ಹೂಗಳ ಪಕ್ಕದಲ್ಲೇ ಎರಡು ಹೊಸ ಗೊಂಚಲುಗಳು ಬಂದಿದ್ದು, ಒಂದರಲ್ಲಿ ಬಟಾಣಿ ಗಾತ್ರದ ಕಾಯಿ ಇದೆ. ನೆರಳಿನ ಕುಂಡದ ಗಿಡ ಇನ್ನೂ ಯೋಚಿಸುತ್ತಿದೆ.

ಅತ್ತೆಯವರಿಗೆ ಕೊಳೆತ ಬೇರನ್ನು ತೋರಿಸಿದ ಬೆಳಿಗ್ಗೆ ಅವರು ಬಹಳ ಹೊತ್ತು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ ಒಳಗೆ ಹೋದರು. ನನಗೆ ಭಯವಾಯಿತು. ಮರುದಿನ ನಾನು ಏಳುವ ಮೊದಲೇ ಹಿತ್ತಲಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಒಂದೊಂದೇ ಕುಂಡಕ್ಕೆ ಬೆರಳು ಇಳಿಸುತ್ತಿದ್ದರು. ಬೇರುಬಿಳಲು ಅವರ ಕೆಂಪು ಕಡ್ಡಿಗಳನ್ನು ಮಗಳು ಮಾಡಿಕೊಟ್ಟಳು, ಆದರೆ ಅವುಗಳನ್ನು ತಿರುಗಿಸುವ ಅಧಿಕಾರ ಅತ್ತೆಯವರೊಬ್ಬರಿಗೇ ಇದೆ. ಪುದೀನವನ್ನೂ ನೆಟ್ಟಾಯಿತು, ಅದಕ್ಕೆ ಹನ್ನೊಂದು ಗಂಟೆಯ ನೀರು ಸಲ್ಲುತ್ತಿದೆ.

ಮುಂದಿನ ತಿಂಗಳು ನಾವೆಲ್ಲರೂ ಒಂದು ವಾರ ಊರಿನಲ್ಲಿ ಇರುವುದಿಲ್ಲ. ಅದಕ್ಕೆ ಏನಾದರೂ ಉಪಾಯವಿದ್ದರೆ ತಿಳಿಸಿ.

ಬೇರುಬಿಳಲು
ಹದಿನಾರನೆಯ ದಿನ, ಬೆಳಿಗ್ಗೆ 8:30

ಮೆರುಗು ಹಚ್ಚದ ಸಣ್ಣ ಮಣ್ಣಿನ ಗಡಿಗೆಯನ್ನು ಕುಂಡದಲ್ಲಿ ಕತ್ತಿನವರೆಗೆ ಹೂತು, ನೀರು ತುಂಬಿಸಿ, ಬಾಯಿಗೆ ಮುಚ್ಚಳ ಹಾಕಿ. ಮಣ್ಣು ಒಣಗಿದಂತೆ ಗಡಿಗೆಯ ಗೋಡೆಯಿಂದ ನೀರು ತಾನಾಗಿ ಜಿನುಗುತ್ತದೆ, ಮಣ್ಣು ತೇವವಾಗಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಇದು ಹೊಸ ಉಪಾಯವಲ್ಲ, ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚೀನಾದ ಕೃಷಿ ಬರಹದಲ್ಲೂ ಇದರ ವಿವರಣೆ ಇದೆ. ಗಡಿಗೆ ಹೂಳಲು ಜಾಗವಿಲ್ಲದ ಸಣ್ಣ ಕುಂಡಗಳಿಗೆ, ಎತ್ತರದಲ್ಲಿಟ್ಟ ಬಕೆಟ್ಟಿನಿಂದ ಮಣ್ಣಿನೊಳಕ್ಕೆ ದಪ್ಪ ಹತ್ತಿಯ ಹಗ್ಗವನ್ನು ಇಳಿಬಿಡಿ. ಹೊರಡುವ ದಿನವೇ ಮೊದಲ ಬಾರಿಗೆ ಇವನ್ನು ಹೂಡಬೇಡಿ. ಮನೆಯಲ್ಲಿರುವಾಗಲೇ ನಾಲ್ಕು ದಿನ ನಡೆಸಿ, ಎಷ್ಟು ನೀರು ಇಳಿಯಿತೆಂದು ಅಳತೆ ನೋಡಿಕೊಳ್ಳಿ. ಕುಂಡಗಳನ್ನು ಆ ವಾರದ ಮಟ್ಟಿಗೆ ನೆರಳಿಗೆ ಸರಿಸಿದರೆ ಅರ್ಧ ಚಿಂತೆ ಅಲ್ಲಿಗೇ ಕಳೆಯುತ್ತದೆ.

ಹಿತ್ತಲಬಾಗಿಲು
ಹದಿನಾರನೆಯ ದಿನ, ರಾತ್ರಿ 9:00

ಗಡಿಗೆಯ ಉಪಾಯವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಅತ್ತೆಯವರು ಪೂರ್ತಿ ಕೇಳಿಸಿಕೊಂಡು, ನಾಳೆಯೇ ಒಂದನ್ನು ಹೂತು ನೋಡೋಣ, ಆದರೆ ನೆರಳಿನ ಕುಂಡದಲ್ಲಿ ಬೇಡ, ಅದರ ಮಣ್ಣು ಇವತ್ತೂ ಉಂಡೆ ಕಟ್ಟುತ್ತಿದೆ ಎಂದರು. ನಮ್ಮ ಯಜಮಾನರು ಆ ಹೊತ್ತಿಗೆ ಕೈ ತೊಳೆಯಲು ಹಿತ್ತಲಿನ ಕಡೆ ಹೊರಟಿದ್ದರು. ಅವರನ್ನು ಬಾಗಿಲಲ್ಲೇ ತಡೆದು ಒಳಗಿನ ನಲ್ಲಿಯನ್ನು ತೋರಿಸಿದರು.